ದಡ್ಡತನ ಯಾರ ತಲೆಯಲ್ಲಿದೆ?

"ಈ ಕೇರಿ ಹುಡುಗರ ತಲೆಗೆ ವಿದ್ಯೆ ಹತ್ತಲ್ಲ." ಈ ಮಾತು ಕೇಳಿ ಕೇಳಿಯೇ ನಾವೆಲ್ಲ ಎಸ್ಸೆಸ್ಸೆಲ್ಸಿ ದಾಟಿ ಬಂದವರು. ಹೇಳುವವರು ಬಿ.ಎಡ್.ನಲ್ಲಿ ಮನಶ್ಶಾಸ್ತ್ರ ಓದಿದ ಮೇಷ್ಟ್ರುಗಳು. ಹಾಗಾದರೆ ಪ್ರಯೋಗ ಮಾಡಿ ನೋಡಿದವರನ್ನೇ ಕೇಳೋಣ, ಗೆಳೆಯರೇ.

ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬಿಬ್ಬರು ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ನಡೆಸಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಆರು, ಏಳನೇ ಕ್ಲಾಸಿನ ಹುಡುಗರು. ಅರ್ಧ ಮೇಲ್ಜಾತಿಯವರು, ಅರ್ಧ ನಮ್ಮವರು. ಕಾಗದದ ಮೇಲಿನ ಚಕ್ರವ್ಯೂಹದೊಳಗೆ ದಾರಿ ಹುಡುಕಬೇಕು. ಒಂದು ಬಿಡಿಸಿದರೆ ಒಂದು ರೂಪಾಯಿ. ಜಾತಿ ಸುದ್ದಿ ಎತ್ತದೆ ಕೊಟ್ಟಾಗ ಇಬ್ಬರೂ ಸರಿಸಮ. ಇನ್ನೊಂದು ಗುಂಪಿನಲ್ಲಿ ಒಬ್ಬೊಬ್ಬನ ಊರು, ಅಪ್ಪನ ಹೆಸರು, ಜಾತಿ ಎಲ್ಲರ ಮುಂದೆ ಓದಿ ಹೇಳಿದರು. ಅಷ್ಟೇ. ನಮ್ಮ ಹುಡುಗರು ಹಿಂದೆ ಬಿದ್ದರು. ಅದೇ ವಯಸ್ಸು, ಅದೇ ಕಾಗದ. ಬದಲಾದದ್ದು ಕೋಣೆಯ ಗಾಳಿ.

ನಮ್ಮ ಕ್ಲಾಸುಗಳಲ್ಲಿ ಈ ಪ್ರಯೋಗಕ್ಕೆ ಯಾವ ಪಂಡಿತರೂ ಬೇಕಿಲ್ಲ. "ಎಸ್ಸಿ ಹುಡುಗ್ರು ಎದ್ ನಿಂತ್ಕಳ್ರೋ, ಸ್ಕಾಲರ್‌ಶಿಪ್ ಫಾರಂ ಬಂದದೆ." ಎದ್ದು ನಿಲ್ತೀವಿ. ಕ್ಲಾಸೆಲ್ಲ ತಿರುಗಿ ನೋಡ್ತದೆ. ಮರುಗಳಿಗೆ ಅದೇ ಮೇಷ್ಟ್ರು ಲೆಕ್ಕ ಕೇಳ್ತಾರೆ. ಗಂಟಲೊಣಗಿದವನ ಬಾಯಲ್ಲಿ ಉತ್ತರ ಎಲ್ಲಿಂದ ಬರಬೇಕು? ಬರದಿದ್ದರೆ ಅವನು ದಡ್ಡ!

ಬಾಬಾಸಾಹೇಬರು ಬಾಲಕನಾಗಿದ್ದಾಗ ಶಾಲೆಯ ಮೂಲೆಯಲ್ಲಿ ಮನೆಯಿಂದ ತಂದ ಗೋಣಿತಾಟಿನ ಮೇಲೆ ಕೂರಬೇಕಿತ್ತು. ಜವಾನ ಇಲ್ಲದ ದಿನ ಕುಡಿಯಲು ನೀರಿಲ್ಲ. "ಅವರು ಓದಲಿಲ್ವಾ?" ಅಂತ ನಮಗೇ ಬುದ್ಧಿ ಹೇಳೋರಿದ್ದಾರೆ. ಓದಿದರು. ಅಂಥ ತಾಟಿನ ಮೇಲೆ ಕೂತು ಅರ್ಧಕ್ಕೇ ಶಾಲೆ ಬಿಟ್ಟವರ ಲೆಕ್ಕ ಯಾರಿಟ್ಟರು?

ಹಾಗಂತ ಜಾತಿ ಮುಚ್ಚಿಟ್ಕೊಳ್ಳಿ ಅಂತ ನಾವು ಹೇಳಲ್ಲ. ನಾವು ಹುಟ್ಟಿದ ಕೇರಿಯ ಹೆಸರು ನಮಗೆ ನಾಚಿಕೆಯಲ್ಲ. ಅದನ್ನು ಕೂಗುವ ದನಿಯಲ್ಲಿರೋ ತಾತ್ಸಾರ ಹೋಗಬೇಕು. ಫಾರಂ ಕೊಡೋದಿದ್ದರೆ ಒಬ್ಬೊಬ್ಬರನ್ನೇ ಕರೆದು ಕೊಡಲಿ ಅಂತ ಹೆಡ್‌ಮಾಸ್ತರರಿಗೆ ಬರೆದು ಕೊಡೋಣ, ಎಲ್ಲರೂ ಸಹಿ ಹಾಕಿ.

ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ. ಹಾಸ್ಟೆಲಿನಲ್ಲಿ ಕಾಲೇಜು ಅಣ್ಣಂದಿರು, ಅಕ್ಕಂದಿರು ರಾತ್ರಿ ಊಟವಾದ ಮೇಲೆ ಒಂದು ಗಂಟೆ ಚಿಕ್ಕವರನ್ನು ಕೂರಿಸಿಕೊಂಡು ಲೆಕ್ಕ, ಇಂಗ್ಲಿಷು ಹೇಳಿಕೊಡಲಿ. ತಪ್ಪು ಉತ್ತರಕ್ಕೆ ಯಾರೂ ನಗದ ಒಂದು ಕೋಣೆ ಸಾಕು. ಆಮೇಲೆ ನೋಡೋಣ, ಯಾರ ತಲೆಗೆ ಏನು ಹತ್ತಲ್ಲ ಅಂತ.

ಜೈ ಭೀಮ್.