ಹಬ್ಶಿ ಎಂಬುದು ಬೈಗುಳವೇ?

ಮಕ್ತಬ್ ಬಿಡುವ ಹೊತ್ತು. ಜಗಲಿಯಲ್ಲಿ ಚಪ್ಪಲಿಗಾಗಿ ಇಬ್ಬರು ಹುಡುಗಿಯರಿಗೆ ಜಗಳ ಹತ್ತಿತು. ಒಬ್ಬಳು ಇನ್ನೊಬ್ಬಳಿಗೆ "ಹೋಗೇ ಹಬ್ಶಿ" ಎಂದುಬಿಟ್ಟಳು. ಬೈಸಿಕೊಂಡವಳು ಸ್ವಲ್ಪ ಕಪ್ಪಗಿದ್ದಾಳೆ. ಅವಳು ಅಳಲಿಲ್ಲ, ದುಪಟ್ಟಾವನ್ನು ಮುಖದ ಮೇಲೆಳೆದುಕೊಂಡು ಗೋಡೆಗೆ ತಿರುಗಿ ಕುಳಿತಳು. ಬೈದವಳನ್ನು ಕರೆದು, ಈ ಮಾತು ಎಲ್ಲಿ ಕಲಿತೆ ಎಂದು ಕೇಳಿದೆ. "ನಮ್ಮ ನಾನಿ ಹೇಳ್ತಾರೆ ಆಪಾ" ಎಂದಳು.

ನನಗೆ ಗದರಿಸಲು ಬಾಯಿ ಬರಲಿಲ್ಲ. ನನ್ನ ತಂಗಿಯನ್ನು ನೋಡಲು ಬಂದ ಗಂಡಿನವರು ಎದ್ದು ಹೋದ ದಿನ ನಮ್ಮ ಮನೆಯ ಹಿರಿಯರೊಬ್ಬರು ಇದೇ ಪದ ಆಡಿದ್ದರು. ನಾನು ಪಕ್ಕದಲ್ಲೇ ಇದ್ದೆ. ಮದ್ರಸದಲ್ಲೂ ಓದಿದವಳು, ಬಿ.ಎ.ಯಲ್ಲಿ ಇತಿಹಾಸವನ್ನೂ ಓದಿದವಳು, ಆದರೂ ಸುಮ್ಮನಿದ್ದೆ.

ಸಹೋದರಿಯರೇ, ಹಬ್ಶಿ ಎಂದರೆ ಹಬಶಾ ದೇಶದವರು, ಅಂದರೆ ಇಂದಿನ ಇಥಿಯೋಪಿಯದ ಕಡೆಯವರು. ಮಕ್ಕಾದ ಹಿಂಸೆ ತಾಳಲಾರದೆ ಹೊರಟ ಮೊದಲ ಮುಸ್ಲಿಮರಿಗೆ ಆಶ್ರಯ ಕೊಟ್ಟದ್ದು ಆ ದೇಶದ ದೊರೆ ನಜ್ಜಾಶಿ. ಮೊದಲ ಮುಅದ್ಸಿನ್ ಹಝ್ರತ್ ಬಿಲಾಲ್(ರ) ಹಬ್ಶಿ. ಮಗನಿಗೆ ಬಿಲಾಲ್ ಎಂದು ಆಸೆಯಿಂದ ಹೆಸರಿಡುವ ಮನೆಯಲ್ಲೇ ಹಬ್ಶಿ ಎಂಬುದು ಬೈಗುಳವಾಗಿದೆ!

ಅಷ್ಟು ದೂರವೂ ಹೋಗಬೇಕಿಲ್ಲ. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹಮದ್‌ನಗರ ರಾಜ್ಯದ ಆಡಳಿತ ಹಿಡಿದು, 1626ರಲ್ಲಿ ತೀರಿಕೊಳ್ಳುವವರೆಗೂ ಮೊಗಲರನ್ನು ತಡೆದು ನಿಲ್ಲಿಸಿದರು. ನಮ್ಮ ವಿಜಾಪುರದ ಆದಿಲ್‌ಶಾಹಿಯಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಪ್ರಧಾನಿಯಾಗಿದ್ದರು. ಶಾಲೆಯಿಂದ ಪ್ರವಾಸ ಹೋದ ಮಕ್ಕಳು ಗೋಲಗುಮ್ಮಟದಲ್ಲಿ ಕೂಗಿ ಬರುತ್ತಾರೆ, ಈ ಹೆಸರು ಕೇಳಿರುವುದಿಲ್ಲ.

ಇಂದಿಗೂ ನಮ್ಮ ರಾಜ್ಯದಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಅಜ್ಜೀಪುರದಿಂದ ನೋಡಿದರೆ ಕರ್ನಾಟಕದ ಇನ್ನೊಂದು ತುದಿ: ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲದ ಕಾಡಂಚು. ಪೋರ್ಚುಗೀಸರು ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ ವಂಶದವರು ಇವರಲ್ಲಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅಚ್ಚ ಕನ್ನಡದಲ್ಲಿ ಮಾತಾಡುತ್ತಿದ್ದರೂ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು "ಯಾವ ದೇಶ?" ಎಂದು ಕೇಳುವವರು ನಾವೇ.

ಅವರ ಹೆಂಗಸರು ಹೊಲಿಯುವ ಕೌದಿಯನ್ನು ನೀವು ನೋಡಬೇಕು. ನಮ್ಮ ಕಡೆ ಹಳೇ ಸೀರೆಯಿಂದ ಬೊಂತೆ ಹೊಲಿಯುತ್ತೇವಲ್ಲ, ಅದರ ಅಕ್ಕನಂತಿದೆ. ಅಂಚಿನಿಂದ ಹೊಲಿಗೆ ಹಾಕುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಿಸಿದ 'ಫುಲ', ಅಂದರೆ ಹೂವು. ಅದಿಲ್ಲದಿದ್ದರೆ ಕೌದಿ ಮುಗಿದಂತಲ್ಲ. ಮುಸ್ಲಿಮ್ ಸಿದ್ದಿ ಹೆಂಗಸರು ಕೆಲವೊಮ್ಮೆ ಅರ್ಧಚಂದ್ರವನ್ನೂ ಕೂರಿಸುತ್ತಾರೆ. ಕಳೆದ ವರ್ಷ ನಮ್ಮ ಬಂಧುವೊಬ್ಬರು ಹಳಿಯಾಳದ ಕಡೆಯಿಂದ ಒಂದನ್ನು ತಂದಿದ್ದರು. ಬೆಲೆ ಕೇಳಿದ ನೆರೆಯಾಕೆ "ಹಳೇ ಬಟ್ಟೆಗೆ ಇಷ್ಟೇ?" ಎಂದರು. ಸಣ್ಣ ಬೊಂತೆಗೇ ನಮಗೆಷ್ಟು ದಿನ ಹಿಡಿಯುತ್ತದೆ ಎಂಬುದು ಆಕೆಗೂ ಗೊತ್ತು. ಮಗಳ ಬಾಣಂತನಕ್ಕೋ ಮದುವೆಗೋ ಉಡುಗೊರೆ ಕೊಡಬೇಕಾದಾಗ, ಮಿಲ್ಲಿನ ರಗ್ಗಿನ ಬದಲು ಇಂಥದೊಂದನ್ನು ಚೌಕಾಸಿ ಮಾಡದೆ ಕೊಳ್ಳಬಹುದು.

ಅಮೆರಿಕದಲ್ಲಿ 1926ರಲ್ಲಿ ಕಾರ್ಟರ್ ವುಡ್ಸನ್ ಎಂಬ ಇತಿಹಾಸಕಾರರು ಕರಿಯರ ಇತಿಹಾಸಕ್ಕೆಂದು ಒಂದು ವಾರ ಮೀಸಲಿಟ್ಟರು. ಈಗ ಅದು ಫೆಬ್ರವರಿ ಇಡೀ ತಿಂಗಳು. ನಮಗೆ ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಸಾಕು, ಮಕ್ಕಳಿಗೆ ಮಲಿಕ್ ಅಂಬರ್ ಕಥೆ ಹೇಳಲು. ನೀನಾಸಂನಲ್ಲಿ ಕಲಿತ ಗಿರಿಜಾ ಸಿದ್ದಿಯವರಂಥ ಕಲಾವಿದರ ಮಾತು ಬಂದಾಗ "ಆ ಕಪ್ಪು ಹೆಂಗಸು" ಎನ್ನದೆ ಹೆಸರು ಹಿಡಿದು ಹೇಳುವುದಕ್ಕಂತೂ ಅಷ್ಟೂ ಹೊತ್ತು ಬೇಡ.

ಮರುದಿನ ಆ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ಇಡೀ ತರಗತಿಗೆ ನಜ್ಜಾಶಿಯ ಕಥೆ ಹೇಳಿದೆ. ಮುಗಿದ ಮೇಲೆ ಬೈದವಳು ಮೆಲ್ಲಗೆ ಕೇಳಿದಳು: "ಹಾಗಾದರೆ ನಾನಿಗೆ ಏನು ಹೇಳಲಿ ಆಪಾ?"

ಆ ನಾನಿ ನನಗಿಂತ ಬಹಳ ಹಿರಿಯರು. ಶುಕ್ರವಾರ ಅವರ ಮನೆಗೆ ಹೋಗಬೇಕೆಂದಿದ್ದೇನೆ.