ಕುದುರೆಗೆ ವಿಮಾನವಿದೆ, ಊರಿನಿಂದ ದಾರಿಯಿಲ್ಲ



ಭಾರತದ ಕುದುರೆ ಸವಾರರು ಪದಕ ಗೆದ್ದಾಗ ನಮ್ಮ ಕ್ರೀಡಾಪುಟಗಳಲ್ಲಿ ಸವಾರರ ಊರು, ಮನೆತನ, ಓದು ಎಲ್ಲ ಬರುತ್ತದೆ. ಕುದುರೆ ಎಲ್ಲಿಂದ ಹೊರಟಿತು ಎಂಬುದು ಬರುವುದಿಲ್ಲ. ಬಂದಿದ್ದರೆ, ನಮ್ಮ ಕುದುರೆ ನಮ್ಮ ನೆಲದಿಂದಲೇ ಏಕೆ ಹೊರಡಲಾರದು ಎಂದು ಸರ್ಕಾರವನ್ನು ಕೇಳಲೇಬೇಕಾದ ಪ್ರಶ್ನೆ ಇಷ್ಟು ವರ್ಷ ಹಾಗೇ ಉಳಿಯುತ್ತಿರಲಿಲ್ಲ.

2023ರ ಸೆಪ್ಟೆಂಬರ್ 26ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, ಕುದುರೆಯ ಶಿಸ್ತಿನ ನಡೆಯನ್ನು ಅಳೆಯುವ ಡ್ರೆಸ್ಸಾಜ್ ತಂಡ ಸ್ಪರ್ಧೆಯಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ ಮತ್ತು ಅನುಷ್ ಅಗರವಾಲಾ ಚಿನ್ನ ಗೆದ್ದರು. ಕುದುರೆ ಸವಾರಿಯಲ್ಲಿ 41 ವರ್ಷಗಳ ನಂತರ ದೇಶಕ್ಕೆ ಬಂದ ಚಿನ್ನ ಅದು. ಇಂದೋರ್, ಜೈಪುರ, ಮುಂಬೈ, ಕೋಲ್ಕತ್ತದ ಈ ನಾಲ್ವರೂ ಯುರೋಪಿನಲ್ಲಿ ನೆಲೆಸಿ, ಅಲ್ಲಿನ ಲಾಯಗಳಲ್ಲಿ ಕುದುರೆ ಕಟ್ಟಿಕೊಂಡು ಅಭ್ಯಾಸ ಮಾಡಿದವರು. ಕುದುರೆಗಳು ಚೀನಾಕ್ಕೆ ಹೋದದ್ದೂ ಅಲ್ಲಿಂದಲೇ. ಅದಕ್ಕೆ ಹಿಂದಿನ ಚಿನ್ನ 1982ರ ದೆಹಲಿ ಕೂಟದ್ದು. ಆಗ ಸ್ಪರ್ಧೆ ನಮ್ಮ ನೆಲದಲ್ಲೇ ನಡೆದಿತ್ತು, ಕುದುರೆ ಗಡಿ ದಾಟಬೇಕಾಗಿರಲಿಲ್ಲ.

ಬೆಂಗಳೂರಿನ ಫವಾದ್ ಮಿರ್ಜಾ ಅವರದೂ ಬೇರೆ ಕಥೆಯಲ್ಲ. 2018ರ ಜಕಾರ್ತ ಏಷ್ಯನ್ ಕೂಟದಲ್ಲಿ ವೈಯಕ್ತಿಕ ಮತ್ತು ತಂಡ ವಿಭಾಗಗಳ ಎರಡು ಬೆಳ್ಳಿ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ. ಇಮ್ತಿಯಾಜ್ ಅನೀಸ್ 2000ದಲ್ಲಿ ಸಿಡ್ನಿಗೆ ಹೋದ ಮೇಲೆ ಎರಡು ದಶಕ ಭಾರತದ ಒಬ್ಬ ಸವಾರನೂ ಒಲಿಂಪಿಕ್ಸ್ ಅಂಗಳ ತುಳಿದಿರಲಿಲ್ಲ. ಆ ಬರ ನೀಗಿಸಿದವರು ಫವಾದ್. ಆದರೆ ಅವರೊಂದಿಗೆ ಟೋಕಿಯೊಗೆ ಹೋದ ಸೀನ್ಯೂರ್ ಮೆಡಿಕಾಟ್ ಎಂಬ ಕುದುರೆ ವಾಸವಿದ್ದದ್ದು, ತಯಾರಾದದ್ದು, ಹೊರಟದ್ದು ಎಲ್ಲ ಜರ್ಮನಿಯಲ್ಲಿ.

ವಿಮಾನದ ಖರ್ಚು ಭರಿಸಲಾಗದೆ ಕುದುರೆಯನ್ನು ಯುರೋಪಿನಲ್ಲೇ ಇಡುತ್ತಾರೆ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ಕುದುರೆಯನ್ನು ಆಕಾಶದಲ್ಲಿ ಒಯ್ಯುವ ವಿದ್ಯೆ ಜಗತ್ತಿಗೆ ಕರಗತವಾಗಿ ಬಹಳ ಕಾಲವಾಯಿತು. ಟೋಕಿಯೊ ಕೂಟಕ್ಕೆ ಬೆಲ್ಜಿಯಂನ ಲಿಯೇಜ್‌ನಿಂದ ಹೊರಟ ಮೊದಲ ಬೋಯಿಂಗ್ 777 ಸರಕು ವಿಮಾನದಲ್ಲಿ 36 ಡ್ರೆಸ್ಸಾಜ್ ಕುದುರೆಗಳಿದ್ದವು. ಒಂದೊಂದು ಹಾರುವ ಲಾಯದಲ್ಲಿ ಎರಡೆರಡು ಕುದುರೆ, ಜೊತೆಗೆ ಕುದುರೆ ನೋಡಿಕೊಳ್ಳುವ ಸೈಸ್‌ಗಳು ಮತ್ತು ಪಶುವೈದ್ಯರು. ಕುದುರೆ ಬೆವರದಂತೆ ಒಳಗಿನ ತಾಪಮಾನ 14ರಿಂದ 17 ಡಿಗ್ರಿ. ವಿಮಾನ ದುಬೈನಲ್ಲಿ ಸ್ವಲ್ಪ ಹೊತ್ತು ನಿಂತು, ಟೋಕಿಯೊದ ಹನೇಡ ನಿಲ್ದಾಣ ಮುಟ್ಟಲು ಹದಿನೆಂಟು ಗಂಟೆ ಮೀರಿತು. ಅಷ್ಟು ಹೊತ್ತೂ ಕುದುರೆ ನಿಂತೇ ಇರುತ್ತದೆ. ತಲೆಯನ್ನು ಬಹಳ ಹೊತ್ತು ಎತ್ತರಕ್ಕೆ ಬಿಗಿದರೆ ಶ್ವಾಸನಾಳದ ಕಫ, ಧೂಳು ಕೆಳಗೆ ಹರಿದುಹೋಗದೆ ಶ್ವಾಸಕೋಶಕ್ಕೆ ಸೋಂಕು ತಗಲಬಹುದು. ಆದ್ದರಿಂದ ತಲೆ ಬಗ್ಗಿಸಲು ಅವಕಾಶ ಕೊಡುವುದು, ನೆನೆಸಿದ ಹುಲ್ಲು ಹಾಕುವುದು, ಮತ್ತೆ ಮತ್ತೆ ನೀರು ತೋರಿಸುವುದು ಸೈಸ್‌ಗಳ ಕೆಲಸ. ಇಷ್ಟು ಕಾಳಜಿ ವಹಿಸುವ ಕೈಗಳು ನಮ್ಮಲ್ಲೂ ಇವೆ.

ನಿಜವಾದ ಕೆಲಸ ವಿಮಾನ ಹತ್ತುವ ಮುನ್ನ ನಡೆಯುತ್ತದೆ. ಟೋಕಿಯೊಗೆ ಹೊರಟ ಕುದುರೆಗಳ ಮೇಲೆ 60 ದಿನ ಆರೋಗ್ಯ ನಿಗಾ ಇತ್ತು. ಆಮೇಲೆ ಏಳು ದಿನ ಕ್ವಾರಂಟೈನ್. ಈ ಕಾಗದಪತ್ರವನ್ನು ಎದುರಿನ ದೇಶ ನಂಬಬೇಕಾದರೆ ಕುದುರೆ ಬಂದ ಜಾಗದ ರೋಗಚರಿತ್ರೆ ಚೊಕ್ಕವಾಗಿರಬೇಕು. ಭಾರತದ ಕುದುರೆ ಮುಗ್ಗರಿಸುವುದು ಇಲ್ಲಿ.

ಗ್ಲ್ಯಾಂಡರ್ಸ್ ಎಂಬ ಬ್ಯಾಕ್ಟೀರಿಯಾ ರೋಗ 2006ರಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ಕಾಣಿಸಿಕೊಂಡು ಅಲ್ಲಿಂದ ಹಲವು ರಾಜ್ಯಗಳಿಗೆ ಹಬ್ಬಿತು. ಇದಕ್ಕೆ ಲಸಿಕೆ ಇಲ್ಲ. ಸೋಂಕು ಖಚಿತವಾದ ಪ್ರಾಣಿಗೆ ದಯಾಮರಣ ಕೊಡಬೇಕು. ಮನುಷ್ಯರಿಗೂ ತಗಲಬಹುದು. ಇಂಥ ರೋಗ ಸುಳಿಯುವ ದೇಶದ ಕುದುರೆಯನ್ನು ನೇರವಾಗಿ ಒಳಗೆ ಬಿಡಲು ಬೇರೆ ದೇಶಗಳು ಹಿಂಜರಿಯುವುದು ಸಹಜ; ಅದನ್ನು ಅನ್ಯಾಯ ಎನ್ನಲಾಗದು. 2021ರ ಆರಂಭದಲ್ಲಿ ಸ್ಪೇನಿನ ವೆಲೆನ್ಸಿಯಾ ಸ್ಪರ್ಧೆಯಲ್ಲಿ ಹರ್ಪಿಸ್ ವೈರಾಣು ಹರಡಿ ಕುದುರೆಗಳು ಸತ್ತಾಗ ಯುರೋಪಿನ ಹಲವು ದೇಶಗಳಲ್ಲಿ ವಾರಗಟ್ಟಲೆ ಸ್ಪರ್ಧೆಗಳೇ ನಿಂತುಹೋದವು. ಎಚ್ಚರಿಕೆ ಎಲ್ಲರಿಗೂ ಬೇಕು.

ಈ ಎಚ್ಚರಿಕೆ ಒಲಿಂಪಿಕ್ಸನ್ನೇ ಊರು ಬದಲಿಸುವಂತೆ ಮಾಡಿದೆ. 1956ರ ಕೂಟ ಮೆಲ್ಬರ್ನ್‌ನಲ್ಲಿ ನಡೆದರೂ ಆಸ್ಟ್ರೇಲಿಯಾದ ಕ್ವಾರಂಟೈನ್ ಕಾನೂನು ಹೊರಗಿನ ಕುದುರೆಗಳಿಗೆ ಅಡ್ಡ ಬಂದು, ಕುದುರೆ ಸ್ಪರ್ಧೆಗಳು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ನಡೆದವು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆಗಳು ಹಾಂಗ್‌ಕಾಂಗ್‌ಗೆ ಹೋದವು. ಆದರೆ ಚೀನಾ ಅಲ್ಲಿಗೇ ಕೈಚೆಲ್ಲಲಿಲ್ಲ. 2010ರ ಗ್ವಾಂಗ್‌ಝೌ ಏಷ್ಯನ್ ಕೂಟದ ಹೊತ್ತಿಗೆ ತ್ಸೊಂಗ್‌ಹುವಾದಲ್ಲಿ ಕುದುರೆ ರೋಗಮುಕ್ತ ವಲಯ ಕಟ್ಟಿ, ಯುರೋಪಿನ ಮನ್ನಣೆಯನ್ನೂ ಪಡೆಯಿತು. ಎರಡೇ ವರ್ಷದ ಅಂತರ. ನಮ್ಮ ಆಡಳಿತ ನೋಡಿ ಕಲಿಯಬೇಕಾದ ನಿದರ್ಶನ ಇದು.

ಭಾರತ ಕೊನೆಗೂ ಒಂದು ಹೆಜ್ಜೆ ಇಟ್ಟಿದೆ, ಅದಕ್ಕೆ ಮನಸಾರೆ ಅಭಿನಂದನೆ ಸಲ್ಲಬೇಕು. ಮೀರತ್ ದಂಡುಪ್ರದೇಶದಲ್ಲಿರುವ ಸೇನೆಯ ರಿಮೌಂಟ್ ವೆಟರ್ನರಿ ಕೋರ್ ಕೇಂದ್ರದ ಆವರಣವನ್ನು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2025ರ ಜುಲೈಯಲ್ಲಿ ದೇಶದ ಮೊದಲ ಕುದುರೆ ರೋಗಮುಕ್ತ ಆವರಣವೆಂದು ಮಾನ್ಯ ಮಾಡಿತು. ಗ್ಲ್ಯಾಂಡರ್ಸ್, ಸರ್ರಾ, ಕುದುರೆ ಇನ್‌ಫ್ಲುಯೆನ್ಜಾ ಸೇರಿದಂತೆ ಐದು ರೋಗಗಳಿಂದ ಅದು ಮುಕ್ತ. ಇಡೀ ದೇಶ ರೋಗಮುಕ್ತವಾಗುವವರೆಗೆ ಕಾಯಬೇಕಿಲ್ಲ, ಬೇಲಿ, ಸಿಬ್ಬಂದಿ, ಮೇವು, ನೀರು, ಗೊಬ್ಬರ ವಿಲೇವಾರಿ, ಕೀಟ ನಿಯಂತ್ರಣ, ನಿಯಮಿತ ರಕ್ತಪರೀಕ್ಷೆ ಇವೆಲ್ಲ ಬಿಗಿಯಾಗಿರುವ ಒಂದು ಆವರಣ ಸಾಕು ಎಂಬುದು ಇದರಿಂದ ಸಾಬೀತಾಯಿತು. ಆದರೆ ಮೀರತ್ ಸೇನೆಯ ಜಾಗ. ದಕ್ಷಿಣದ ನಾಗರಿಕ ಸವಾರನೊಬ್ಬ ಕುದುರೆಯನ್ನು ಅಲ್ಲಿಗೆ ಲಾರಿಯಲ್ಲಿ ಎರಡು ಸಾವಿರ ಕಿಲೋಮೀಟರ್ ಸಾಗಿಸಿ, ಅಲ್ಲಿ ತಿಂಗಳುಗಟ್ಟಲೆ ಇರಿಸಿ, ಆಮೇಲೆ ವಿಮಾನ ಹತ್ತಿಸುವುದು ಆಗಹೋಗುವ ಮಾತಲ್ಲ.

ಎರಡನೆಯ ಆವರಣ ಬೆಂಗಳೂರಿನಲ್ಲಿ ಆಗಬೇಕು ಎಂಬುದು ಈ ಪತ್ರದ ಒತ್ತಾಯ. ಊರಿನ ಅಭಿಮಾನದಿಂದ ಹೇಳುವ ಮಾತಲ್ಲ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಮತ್ತು ರಾಜ್ಯದ ಪಶು ಆರೋಗ್ಯ ಸಂಸ್ಥೆ ಇವೆ. ಯಲಹಂಕದಲ್ಲಿ ಪ್ರಾಣಿರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ. ಅದೇ ದಿಕ್ಕಿನಲ್ಲಿ ಮುಂದೆ ಹೋದರೆ ರಾಷ್ಟ್ರಮಟ್ಟದ ಕೂಟ ನಡೆಸಬಲ್ಲ ಸವಾರಿ ಶಾಲೆ, ಅದರಾಚೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಪರೀಕ್ಷೆ ಮಾಡುವವರು, ನಿಗಾ ಇಡುವವರು, ಸವಾರರು, ವಿಮಾನ ಎಲ್ಲವೂ ಒಂದೇ ರಸ್ತೆಯ ಆಸುಪಾಸಿನಲ್ಲಿರುವ ಇಂಥ ಜಾಗ ದೇಶದಲ್ಲಿ ಇನ್ನೊಂದು ಸಿಗುವುದು ಕಷ್ಟ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ ಕೂಡ ದೂರವಿಲ್ಲ. 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಕುದುರೆಗಳು ಯುದ್ಧಕ್ಕಾಗಿ ಹಡಗಿನಲ್ಲಿ ಈಜಿಪ್ಟಿಗೆ ಹೋದವು. ಈ ನಾಡಿನ ಕುದುರೆ ಇಂದು ಆಟಕ್ಕಾಗಿ ಕಡಲು ದಾಟಲಾರದೆ ನಿಂತಿರುವುದು ನೋವಿನ ಸಂಗತಿ.

ಇದು ಶ್ರೀಮಂತರ ಆಟ, ಇದಕ್ಕೆ ಸರ್ಕಾರದ ದುಡ್ಡು ಏಕೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಈಗಿರುವ ವ್ಯವಸ್ಥೆಯೇ ಇದನ್ನು ಶ್ರೀಮಂತರ ಆಟವಾಗಿ ಉಳಿಸಿದೆ. ಯುರೋಪಿನಲ್ಲಿ ಕುದುರೆ ಕೊಂಡು, ಲಾಯಕ್ಕೆ ಬಾಡಿಗೆ ಕಟ್ಟಿ, ತಾನೂ ಅಲ್ಲೇ ಮನೆ ಮಾಡಲು ಶಕ್ತನಾದವನಷ್ಟೇ ದೇಶವನ್ನು ಪ್ರತಿನಿಧಿಸಬಹುದು. ಮೌಂಟೆಡ್ ಪೊಲೀಸ್ ಪಡೆಯ ಜವಾನ, ಸೈಸ್‌ನ ಮಗಳು ಎಷ್ಟೇ ಚೆನ್ನಾಗಿ ಸವಾರಿ ಮಾಡಿದರೂ ಅವರ ಕುದುರೆ ಇಲ್ಲೇ ಉಳಿಯುತ್ತದೆ. ಯುರೋಪಿಗೆ ಹೋಗಿ ಎರವಲು ಕುದುರೆ ಹತ್ತಲಿ ಎನ್ನುವವರು ಟೋಕಿಯೊ ಒಲಿಂಪಿಕ್ಸ್‌ನ ಮಾಡರ್ನ್ ಪೆಂಟಾಥ್ಲಾನ್ ನೆನಪಿಸಿಕೊಳ್ಳಬೇಕು. ಚೀಟಿ ಎತ್ತಿ ಕೊಟ್ಟ ಅಪರಿಚಿತ ಕುದುರೆ ಜಿಗಿಯಲು ಒಪ್ಪದೆ, ಮುಂಚೂಣಿಯಲ್ಲಿದ್ದ ಜರ್ಮನಿಯ ಆನಿಕಾ ಶ್ಲೊಯ್ ಕಣ್ಣೀರಿಡುತ್ತ ಸ್ಪರ್ಧೆ ಕಳೆದುಕೊಂಡರು. ಆ ಕ್ರೀಡೆಯಿಂದ ಕುದುರೆ ಸವಾರಿಯನ್ನೇ ಈಗ ತೆಗೆಯಲಾಗಿದೆ.

ರೋಗ ನಿಗಾದ ಲಾಭ ಸ್ಪರ್ಧೆಯ ಕುದುರೆಗಷ್ಟೇ ಸಿಗುವುದೂ ಅಲ್ಲ. ಗ್ಲ್ಯಾಂಡರ್ಸ್ ಬಡಿಯುವುದು ಹೆಚ್ಚಾಗಿ ಜಟಕಾ ಕುದುರೆಗೆ, ಇಟ್ಟಿಗೆ ಗೂಡಿನ ಹೇಸರಗತ್ತೆಗೆ, ಅವನ್ನೇ ನಂಬಿದ ಬಡ ಕುಟುಂಬಕ್ಕೆ. ಆವರಣದ ಸುತ್ತಲಿನ ಊರುಗಳಲ್ಲಿ ಈ ಪ್ರಾಣಿಗಳನ್ನೂ ಉಚಿತವಾಗಿ ಪರೀಕ್ಷಿಸಿ, ಕಳೆದುಕೊಂಡವರಿಗೆ ತಡಮಾಡದೆ ಪರಿಹಾರ ಕೊಡಬೇಕು. ಇಲ್ಲವಾದರೆ ಬಡವರು ರೋಗ ಮುಚ್ಚಿಡುತ್ತಾರೆ, ಎಷ್ಟೇ ಎತ್ತರದ ಬೇಲಿ ಕಟ್ಟಿದರೂ ಪ್ರಯೋಜನವಾಗುವುದಿಲ್ಲ.

ರಾಜ್ಯದ ಪಶುಸಂಗೋಪನಾ ಇಲಾಖೆ, ಕ್ರೀಡಾ ಇಲಾಖೆ ಮತ್ತು ಕೇಂದ್ರ ಸರ್ಕಾರ ಒಟ್ಟಿಗೆ ಕೂತು ಬೆಂಗಳೂರಿನಲ್ಲಿ ನಾಗರಿಕ ಸವಾರರಿಗೂ ತೆರೆದಿರುವ ರೋಗಮುಕ್ತ ಆವರಣಕ್ಕೆ ಜಾಗ ಮತ್ತು ಗಡುವು ಎರಡನ್ನೂ ಗೊತ್ತುಮಾಡಲಿ. ಮುಂದಿನ ಒಲಿಂಪಿಕ್ಸ್ 2028ರಲ್ಲಿ ಲಾಸ್ ಏಂಜಲಿಸ್‌ನಲ್ಲಿದೆ. ಕೆಲಸ ಈ ವರ್ಷವೇ ಶುರುವಾಗಬೇಕು.

ಇತಿ,
ಓದುಗ, ಬೆಂಗಳೂರು