ಬಿಟ್ಟ ವಿದ್ಯೆ

ನಮ್ಮ ನೆರೆಮನೆಯ ಗೃಹಸ್ಥರು ಮೊನ್ನೆ ಸಂಜೆ ಬಹಳ ಖಿನ್ನರಾಗಿ ಬಂದು ಕುಳಿತರು. ಆರು ವರ್ಷ ಪಿಟೀಲು ಕಲಿತ ಅವರ ಮಗ ಈಗ ವಾದ್ಯವನ್ನು ಪೆಟ್ಟಿಗೆಗೆ ಸೇರಿಸಿ, ಕ್ಯಾಮೆರಾವನ್ನು ಹೆಗಲಿಗೇರಿಸಿ, ಬೆಟ್ಟಗುಡ್ಡ ಅಲೆಯತೊಡಗಿದ್ದಾನಂತೆ. "ಇಷ್ಟು ವರ್ಷದ ಪಾಠವೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾಯಿತಲ್ಲ, ಮೇಷ್ಟ್ರೇ!" ಎಂಬುದು ಅವರ ಅಳಲು. ನನಗೆ ಕೂಡಲೇ ನೆನಪಾದವನು ಅಮೆರಿಕದ ನಿಸರ್ಗ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್. ಅವನ ಕಥೆಯನ್ನೇ ಅವರಿಗೆ ಹೇಳಿದೆ.

1902ರಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಆಡಮ್ಸ್, ಶಾಲೆಗೆ ಒಗ್ಗದ ಚಂಚಲ ಬಾಲಕ. ಹನ್ನೆರಡನೆಯ ವಯಸ್ಸಿನಲ್ಲಿ ಪಿಯಾನೋ ಆತನನ್ನು ಹಿಡಿದು ಕೂರಿಸಿತು. ಒಂದು ಸ್ವರವೂ ತಪ್ಪಬಾರದೆಂಬ ಕಟ್ಟುನಿಟ್ಟಿನ ಪಾಠ ಅದು. 1916ರಲ್ಲಿ ಮನೆಯವರೊಡನೆ ಯೊಸೆಮಿಟಿ ಕಣಿವೆಗೆ ಹೋದಾಗ ಕೈಗೆ ಬಂದದ್ದು ಸಾಮಾನ್ಯವಾದೊಂದು ಕೊಡಕ್ ಬ್ರೌನಿ ಡಬ್ಬಿ ಕ್ಯಾಮೆರಾ. ಅಂದಿನಿಂದ ಊರಿನಲ್ಲಿ ಪಿಯಾನೋ, ಬೇಸಿಗೆಯಲ್ಲಿ ಪರ್ವತ. ಎರಡು ದೋಣಿಗಳ ಮೇಲೆ ಕಾಲಿಟ್ಟ ಈ ಬದುಕು ಹದಿನಾಲ್ಕು ವರ್ಷ ನಡೆಯಿತು.

1927ರ ಏಪ್ರಿಲ್‌ನಲ್ಲಿ ಆತ ಹಾಫ್ ಡೋಮ್ ಎಂಬ ಮಹಾಶಿಲೆಯ ಎದುರು ನಿಂತಾಗ ಉಳಿದಿದ್ದ ಗಾಜಿನ ಫಲಕಗಳು ಎರಡೇ. ಒಂದನ್ನು ಹಳದಿ ಸೋಸುಗಾಜು ಹಾಕಿ ತೆಗೆದ. ಎದೆಯನ್ನು ನಡುಗಿಸಿದ ಆ ಗಾಂಭೀರ್ಯ ಅದರಲ್ಲಿ ಬರಲಾರದೆಂದು ಆಗಲೇ ಹೊಳೆಯಿತು. ಕಡೆಯ ಫಲಕಕ್ಕೆ ಕಡುಗೆಂಪು ಗಾಜನ್ನು ಹಾಕಿದ. ಅದು ನೀಲಿ ಬೆಳಕನ್ನು ತಡೆದುದರಿಂದ ಆಗಸ ಕಪ್ಪಾಗಿ, ಬಂಡೆ ಎದ್ದು ನಿಂತಿತು. ಕಣ್ಣು ಕಂಡದ್ದಲ್ಲ, ಮನಸ್ಸು ಕಂಡದ್ದು ಚಿತ್ರವಾಯಿತು.

1930ರಲ್ಲಿ ಪಾಲ್ ಸ್ಟ್ರ್ಯಾಂಡ್ ಎಂಬ ಹಿರಿಯ ಛಾಯಾಗ್ರಾಹಕನ ನೆಗೆಟಿವ್‌ಗಳನ್ನು ಕಂಡ ಮೇಲೆ ಆಡಮ್ಸ್ ನಿರ್ಧರಿಸಿಬಿಟ್ಟ: ಇನ್ನು ಕ್ಯಾಮೆರಾವೇ ವೃತ್ತಿ. ಪಿಯಾನೋ ಬಿಡಬೇಡವೆಂದು ತಾಯಿ ಬೇಡಿಕೊಂಡರು. ಆದರೆ ಬಿಟ್ಟದ್ದು ನಿಜವಾಗಿ ಬಿಟ್ಟಿತೇ?

ಕಡುಗಪ್ಪಿನಿಂದ ಅಚ್ಚಬಿಳುಪಿನವರೆಗೆ ಬೆಳಕನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುವ ಕ್ರಮವನ್ನು ಆತ ಮುಂದೆ ಫ್ರೆಡ್ ಆರ್ಚರನೊಡನೆ ರೂಪಿಸಿದ. ಸ್ವರಶ್ರೇಣಿಯಲ್ಲಿ ಪಳಗಿದ ಮನಸ್ಸಿಗೆ ಇದು ಸಹಜವೇ ಅಲ್ಲವೆ? 1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಸ್ ಗ್ರಾಮದ ಮೇಲೆ ಚಂದ್ರೋದಯ. ಮುಳುಗುವ ಸೂರ್ಯನ ಬೆಳಕಿನಲ್ಲಿ ಸ್ಮಶಾನದ ಬಿಳಿಯ ಶಿಲುಬೆಗಳು ಹೊಳೆಯುತ್ತಿದ್ದವು. ಬೆಳಕಿನ ಮಾಪಕ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶದ ಪ್ರಮಾಣ ನೆನಪಿದ್ದುದರಿಂದ ಮನಸ್ಸಿನಲ್ಲೇ ಲೆಕ್ಕಹಾಕಿ ಚಿತ್ರ ತೆಗೆದ. ಎರಡನೆಯದಕ್ಕೆ ಸಿದ್ಧನಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿತ್ತು.

ಆ ಒಂದೇ ನೆಗೆಟಿವನ್ನು ಆತ ಹಲವು ದಶಕ ಮತ್ತೆ ಮತ್ತೆ ಮುದ್ರಿಸಿದ. ವರ್ಷ ಕಳೆದಂತೆ ಆಗಸ ಹೆಚ್ಚು ಹೆಚ್ಚು ಕಪ್ಪಾಯಿತು. ನೆಗೆಟಿವ್ ಸ್ವರಲಿಪಿಯಂತೆ, ಮುದ್ರಣ ವಾದನದಂತೆ ಎಂಬುದು ಆತನದೇ ಹೋಲಿಕೆ. ಕೃತಿ ಒಂದೇ, ಕಚೇರಿ ದಿನಕ್ಕೊಂದು. 1984ರಲ್ಲಿ ತೀರಿಕೊಳ್ಳುವವರೆಗೂ ಆ ಪಿಯಾನೋ ವಾದಕ ಕತ್ತಲೆಕೋಣೆಯಲ್ಲಿ ಬದುಕಿಯೇ ಇದ್ದ.

"ನಿಮ್ಮ ಮಗ ಆಡಮ್ಸ್ ಆಗುವನೆಂದು ನಾನು ಹೇಳಲಾರೆ," ಎಂದೆ. "ಆದರೆ ಪಿಟೀಲು ಅವನಿಗೆ ಕಲಿಸಿದ ತಾಳ್ಮೆ ಪೆಟ್ಟಿಗೆಯಲ್ಲಿ ಉಳಿದಿರಲಾರದು. ಅವನು ತೆಗೆದ ಚಿತ್ರಗಳನ್ನು ನೋಡಿದಿರಾ?"

ಅವರು ಉತ್ತರಿಸದೆ ಎದ್ದು ಹೋದರು. ಮರುದಿನ ಸಂಜೆ ಬಂದಾಗ ಅವರ ಕೈಯಲ್ಲಿ ಎರಡು ಚಿತ್ರಗಳಿದ್ದವು. ಕನ್ನಡಕ ಒರೆಸಿಕೊಂಡು, ಒಂದನ್ನು ಮುಂದೆ ಹಿಡಿದು, "ಈ ಬೆಟ್ಟದ ಮಂಜು ನೋಡಿ," ಎಂದರು.